ನಾಟಿ ದನಕ್ಕೆ ಉಣ್ಣಿ ಹತ್ತುವುದೇ ಇಲ್ಲವೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“ನಾಟಿ ಹಸುವಿನ ರಕ್ತದಲ್ಲೇ ಶಕ್ತಿ ಇದೆ, ಅದಕ್ಕೆ ಉಣ್ಣಿ ಹತ್ತುವುದೇ ಇಲ್ಲ.” “ಉಣ್ಣಿ ತೆಗೆಯಬೇಡಿ, ಕಚ್ಚಿಸಿಕೊಂಡಷ್ಟೂ ದನಕ್ಕೆ ಇಮ್ಯುನಿಟಿ ಬರುತ್ತದೆ.” “ಈ ಕಷಾಯ ಮೂರು ದಿನ ಕುಡಿಸಿ, ಮತ್ತೆ ಜನ್ಮದಲ್ಲಿ ಉಣ್ಣಿ ಬರುವುದಿಲ್ಲ.”

ದನ ಸಾಕುವವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೀವಿದ್ದರೆ ಇಂಥ ಮಾತುಗಳನ್ನು ಒಂದಲ್ಲ ಒಂದು ರೂಪದಲ್ಲಿ ನೋಡಿರುತ್ತೀರಿ. ಮೂರನೆಯದರಲ್ಲಿ ನಿಜ ಇಲ್ಲ. ಆದರೆ ಮೊದಲಿನ ಎರಡು ಪೂರ್ತಿ ಸುಳ್ಳೂ ಅಲ್ಲ, ತೊಂದರೆ ಇರುವುದೇ ಅಲ್ಲಿ. ಅರ್ಧ ನಿಜ ಇರುವ ಮೆಸೇಜ್ ಅನುಭವಕ್ಕೆ ಹೊಂದುತ್ತದೆ, ನಂಬಿಕೆ ಹುಟ್ಟಿಸುತ್ತದೆ. ಉಳಿದ ಅರ್ಧ ಗೊತ್ತಾಗುವಷ್ಟರಲ್ಲಿ ಹಸು ಮೇವು ಬಿಟ್ಟಿರುತ್ತದೆ.

ಕಾರವಾರ ತಾಲ್ಲೂಕಿನ ಹಣಕೋಣದಿಂದ ಅಂಕೋಲಾದವರೆಗಿನ ಊರುಗಳಿಗೆ ಇದು ದೂರದ ವಿಷಯವಲ್ಲ. ಈ ಭಾಗದಲ್ಲಿ ಗದ್ದೆ ಮುಗಿದಲ್ಲಿ ಬೆಟ್ಟ ಶುರು, ಬೆಟ್ಟದ ಆಚೆ ಕಾಡು. ಮಳೆ ಜಾಸ್ತಿ, ತೇವ ಜಾಸ್ತಿ, ಉಣ್ಣಿಗೆ ಹೇಳಿ ಮಾಡಿಸಿದ ಜಾಗ. ಬೆಟ್ಟಕ್ಕೆ ಮೇಯಲು ಹೋಗುವ ಗಿಡ್ಡ ಊರದನ ಮತ್ತು ಡೇರಿಗೆ ಹಾಲು ಹಾಕಲೆಂದು ಸಾಲ ಮಾಡಿ ತಂದ ಜರ್ಸಿ ಮಿಶ್ರತಳಿ ಹಸು, ಎರಡನ್ನೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟುವ ಮನೆಗಳಿರುತ್ತವೆ. ಒಂದಕ್ಕೆ ನಾಲ್ಕು ಉಣ್ಣಿ, ಪಕ್ಕದಲ್ಲಿರುವುದಕ್ಕೆ ನಾಲ್ಕು ನೂರು. ಯಾಕೆ ಹೀಗೆ? ಈ ಪ್ರಶ್ನೆಗೆ ವಿಜ್ಞಾನದಲ್ಲಿ ನೂರು ವರ್ಷ ಹಳೆಯ, ಸೊಗಸಾದ ಉತ್ತರ ಇದೆ.

ಮೊದಲು ಶತ್ರುವಿನ ಪರಿಚಯ

ಉಣ್ಣಿಯನ್ನು ಕೆಲವೆಡೆ ಉಣ್ಣೆ, ಉಣುಗು ಎಂದೂ ಕರೆಯುತ್ತಾರೆ. ಇದು ನೊಣ, ಸೊಳ್ಳೆಗಳಂತೆ ಕೀಟವಲ್ಲ. ಬೆಳೆದ ಉಣ್ಣಿಗೆ ಎಂಟು ಕಾಲು, ಜೇಡ ಮತ್ತು ಚೇಳಿನ ಬಳಗಕ್ಕೆ ಸೇರಿದ್ದು. ಮೊಟ್ಟೆಯಿಂದ ಹೊರಬಂದ ಮರಿಗೆ ಮಾತ್ರ ಆರು ಕಾಲು.

ಸೊಳ್ಳೆ ಕಚ್ಚಿ ಹಾರಿಹೋಗುತ್ತದೆ. ಉಣ್ಣಿ ಹಾಗಲ್ಲ. ಮುಳ್ಳಿನಂಥ ಬಾಯಿಯನ್ನು ಚರ್ಮದೊಳಗೆ ಇಳಿಸಿ ದಿನಗಟ್ಟಲೆ ಅಲ್ಲೇ ಕೂರುತ್ತದೆ. ದನಗಳಲ್ಲಿ ಹೆಚ್ಚು ಕಾಣುವ ‘ರಿಪಿಸೆಫಾಲಸ್ ಮೈಕ್ರೋಪ್ಲಸ್’ ಎಂಬ ಉಣ್ಣಿಯಂತೂ ಮರಿಯಾಗಿ ಹತ್ತಿ, ಅದೇ ದನದ ಮೈಮೇಲೆ ಬೆಳೆದು, ಸುಮಾರು ಮೂರು ವಾರಗಳ ನಂತರ ರಕ್ತ ತುಂಬಿ ಊದಿಕೊಂಡು ನೆಲಕ್ಕೆ ಬೀಳುತ್ತದೆ. ಬಿದ್ದ ಒಂದು ಹೆಣ್ಣು ಉಣ್ಣಿ ಎರಡರಿಂದ ಮೂರು ಸಾವಿರ ಮೊಟ್ಟೆ ಇಡಬಲ್ಲದು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೀಗೆ ದಿನಗಟ್ಟಲೆ ಕೂರುವುದು ಉಣ್ಣಿಯ ಬಲವೂ ಹೌದು, ದೌರ್ಬಲ್ಯವೂ ಹೌದು. ಅಷ್ಟು ಹೊತ್ತು ಒಂದೇ ಜಾಗದಲ್ಲಿ ಇದ್ದರೆ ದನದ ಮೈಗೆ ಅದನ್ನು ಗುರುತಿಸಿ ತಿರುಗಿ ಬೀಳಲು ಸಮಯ ಸಿಗುತ್ತದೆ.

ಮೊದಲ ಸಲ ಕಚ್ಚಿದಾಗ ಗೆಲುವು ಉಣ್ಣಿಯದೇ

ನಮ್ಮ ಕಾಲಿಗೆ ಮುಳ್ಳು ಚುಚ್ಚಿದರೆ ಏನಾಗುತ್ತದೆ? ನೋವು, ಕೆಂಪು, ಊತ, ರಕ್ತ ಹೆಪ್ಪುಗಟ್ಟುವುದು. ಇದು ಮೈಯ ಎಚ್ಚರಿಕೆಯ ಗಂಟೆ. ಉಣ್ಣಿಯ ಎಂಜಲು ಈ ಗಂಟೆಯನ್ನೇ ಬಾರಿಸಲು ಬಿಡುವುದಿಲ್ಲ.

ಆ ಎಂಜಲಿನಲ್ಲಿ ನೂರಾರು ಬಗೆಯ ಪ್ರೋಟೀನ್‌ಗಳಿವೆ. ಕೆಲವು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತವೆ. ಕೆಲವು ತುರಿಕೆ ಹುಟ್ಟಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹಿಡಿದು ಕಟ್ಟಿಹಾಕುತ್ತವೆ. ಇನ್ನು ಕೆಲವು, ರಕ್ಷಣಾ ಕಣಗಳನ್ನು ಕೂಗಿ ಕರೆಯುವ ಸಂಕೇತಗಳನ್ನೇ ಅಡಗಿಸುತ್ತವೆ. ಹಾಗಾಗಿ ಮೊದಲ ಸಲ ಉಣ್ಣಿ ಹತ್ತಿದ ದನಕ್ಕೆ ಕಚ್ಚಿದ್ದೇ ಸರಿಯಾಗಿ ತಿಳಿಯುವುದಿಲ್ಲ. ಉಣ್ಣಿ ಹೊಟ್ಟೆ ತುಂಬ ಕುಡಿದು ಉದುರುತ್ತದೆ.

ಆದರೆ ಹಿಂದಿನಿಂದ ಬೇರೊಂದು ಕೆಲಸ ನಡೆದಿರುತ್ತದೆ. ಚರ್ಮದಲ್ಲಿ ಕಾವಲಿರುವ ಕೆಲವು ಕಣಗಳು ಎಂಜಲಿನ ಪ್ರೋಟೀನ್‌ನ ತುಣುಕುಗಳನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ “ಇದು ಶತ್ರುವಿನ ಗುರುತು” ಎಂಬ ನೆನಪು ದಾಖಲಾಗುತ್ತದೆ. ಆ ಗುರುತಿಗೆ ಹೊಂದುವ ಪ್ರತಿಕಾಯಗಳು, ನೆನಪಿನ ಕಣಗಳು ತಯಾರಾಗುತ್ತವೆ.

ಮತ್ತೆ ಮತ್ತೆ ಕಚ್ಚಿದಾಗ ಚರ್ಮಕ್ಕೆ ನೆನಪಾಗುತ್ತದೆ

ಮುಂದಿನ ಸಲ ಉಣ್ಣಿ ಬಾಯಿ ಇಳಿಸಿದಾಗ ಆಟ ಬದಲಾಗುತ್ತದೆ. ಎಂಜಲು ತಾಗಿದ ಜಾಗಕ್ಕೆ ಬೇಸೊಫಿಲ್, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಧಾವಿಸುತ್ತವೆ. ಈ ಸಲ ಹಿಸ್ಟಮಿನ್ ಎಷ್ಟು ಸುರಿಯುತ್ತದೆ ಎಂದರೆ ಉಣ್ಣಿಯ ಎಂಜಲಿಗೆ ಅದನ್ನು ಕಟ್ಟಿಹಾಕಲು ಆಗುವುದಿಲ್ಲ. ಚರ್ಮ ಊದುತ್ತದೆ, ಕೀವಿನಂಥ ದ್ರವ ತುಂಬುತ್ತದೆ, ಉಣ್ಣಿಗೆ ರಕ್ತ ಸರಿಯಾಗಿ ಸಿಗುವುದಿಲ್ಲ. ಜೊತೆಗೆ ವಿಪರೀತ ತುರಿಕೆ. ದನ ಆ ಜಾಗ ನೆಕ್ಕುತ್ತದೆ, ಮರಕ್ಕೆ ಉಜ್ಜುತ್ತದೆ. ಸಾಸಿವೆಗಿಂತ ಚಿಕ್ಕದಾದ ಮರಿ ಉಣ್ಣಿಗಳು ಕಿತ್ತು ಹೋಗುತ್ತವೆ.

ನೆಕ್ಕುವುದನ್ನು ಹಗುರವಾಗಿ ಕಾಣಬೇಡಿ. ದನ ತನ್ನ ಮೈ ನೆಕ್ಕದಂತೆ ತಡೆದಾಗ ಅದರ ಮೇಲೆ ಉಳಿಯುವ ಉಣ್ಣಿಗಳ ಸಂಖ್ಯೆ ಏರುತ್ತದೆ ಎಂಬುದನ್ನು 1950ರ ದಶಕದಲ್ಲೇ ಆಸ್ಟ್ರೇಲಿಯಾದಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಮೈಯೊಳಗಿನ ರಕ್ಷಣೆ ತುರಿಕೆ ಎಬ್ಬಿಸುತ್ತದೆ, ನಾಲಿಗೆ ಕೆಲಸ ಮುಗಿಸುತ್ತದೆ.

ಇದು ಊಹೆಯಲ್ಲ. ಕೆಲವು ದನಗಳಿಗೆ ಉಣ್ಣಿ ಹತ್ತಿದರೂ ನಿಲ್ಲುವುದಿಲ್ಲ ಎಂಬುದನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಜಾನ್‌ಸ್ಟನ್ ಮತ್ತು ಬ್ಯಾಂಕ್ರಾಫ್ಟ್ 1918ರಲ್ಲೇ ಬರೆದಿದ್ದರು. ಅಮೆರಿಕದ ವಿಲಿಯಂ ಟ್ರೇಗರ್ 1939ರಲ್ಲಿ ಗಿನಿಪಿಗ್‌ಗಳಿಗೆ ಉಣ್ಣಿ ಮರಿಗಳನ್ನು ಹತ್ತಿಸಿ ನೋಡಿದರು. ಮೊದಲ ಸಲ ಬಹುಪಾಲು ಮರಿಗಳು ಹೊಟ್ಟೆ ತುಂಬಿಸಿಕೊಂಡವು. ಅದೇ ಪ್ರಾಣಿಗೆ ಎರಡನೆಯ ಸಲ ಹತ್ತಿಸಿದಾಗ ಕೆಲವಕ್ಕೆ ಮಾತ್ರ ಅದು ಸಾಧ್ಯವಾಯಿತು. ಈ ಕೆಲಸದಲ್ಲಿ ಬೇಸೊಫಿಲ್ ಕಣಗಳ ಪಾತ್ರವನ್ನು 1973ರಲ್ಲಿ ಅಲೆನ್ ಎಂಬ ವಿಜ್ಞಾನಿ ಗುರುತಿಸಿದರು. ಆ ಕಣಗಳನ್ನು ತೆಗೆದುಬಿಟ್ಟರೆ ಕಲಿತ ಪ್ರತಿರೋಧವೇ ಮಾಯವಾಗುತ್ತದೆ ಎಂದು 2010ರಲ್ಲಿ ಜಪಾನಿನ ತಂಡವೊಂದು ಇಲಿಗಳಲ್ಲಿ ತೋರಿಸಿತು.

ಇಲ್ಲಿ ಒಂದು ಮಾತು ಗಮನಿಸಿ. ದನಕ್ಕೆ ಪ್ರತಿರೋಧ ಬಂತು ಎಂದರೆ ಉಣ್ಣಿ ಸೊನ್ನೆ ಆಯಿತು ಎಂದಲ್ಲ. ಹತ್ತಿದ ಮರಿಗಳಲ್ಲಿ ಕಡಿಮೆ ಉಳಿಯುತ್ತವೆ, ಉಳಿದವು ಕಡಿಮೆ ರಕ್ತ ಕುಡಿಯುತ್ತವೆ, ಕಡಿಮೆ ಮೊಟ್ಟೆ ಇಡುತ್ತವೆ. ಆದರೂ ಇದು ಸಣ್ಣ ಲಾಭವಲ್ಲ. ಒಂದು ಹೆಣ್ಣಿಗೆ ಎರಡು ಮೂರು ಸಾವಿರ ಮೊಟ್ಟೆ ಎಂಬ ಲೆಕ್ಕ ನೆನಪಿದೆಯಲ್ಲ? ಮೈಮೇಲೆ ಹತ್ತು ಹೆಣ್ಣು ಉಣ್ಣಿ ಕಡಿಮೆಯಾದರೆ ನೆಲದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮೊಟ್ಟೆ ಕಡಿಮೆ.

ಹಾಗಾದರೆ ನಾಟಿ ದನದ ಮಾತು ನಿಜವೇ?

ಬಹುಮಟ್ಟಿಗೆ ನಿಜ, ಆದರೆ ಫಾರ್ವರ್ಡ್ ಹೇಳುವಷ್ಟಲ್ಲ.

ಭುಜದ ಮೇಲೆ ಡುಬ್ಬ ಇರುವ ನಮ್ಮ ದನಗಳು ಸಾವಿರಾರು ವರ್ಷ ಉಣ್ಣಿಗಳ ನಡುವೆಯೇ ಬಾಳಿ ಬಂದಿವೆ. ತಡೆದುಕೊಳ್ಳಲಾಗದವು ಅಳಿದವು, ತಡೆದುಕೊಂಡವುಗಳ ಸಂತತಿ ಬೆಳೆಯಿತು. ಜರ್ಸಿ, ಹೋಲ್‌ಸ್ಟೀನ್‌ನಂಥ ಯುರೋಪಿನ ತಳಿಗಳಿಗೆ ಈ ಉಣ್ಣಿಯ ಜೊತೆ ಅಂಥ ಹಳೆಯ ಪರಿಚಯವಿಲ್ಲ. ಹಾಗಾಗಿ ಎರಡೂ ಕಲಿಯುತ್ತವಾದರೂ ಡುಬ್ಬದ ದನ ಬೇಗ ಮತ್ತು ಚೆನ್ನಾಗಿ ಕಲಿಯುತ್ತದೆ. ಮಿಶ್ರತಳಿ ನಡುವೆ ನಿಲ್ಲುತ್ತದೆ. ಯುರೋಪಿನ ತಳಿಯ ಪಾಲು ಹೆಚ್ಚಾದಷ್ಟೂ ಸಾಮಾನ್ಯವಾಗಿ ಉಣ್ಣಿಯೂ ಹೆಚ್ಚು.

ಇದರ ಬೆಲೆ ಮೊದಲು ಗೊತ್ತಾದದ್ದು ಹೊರಗಿನವರಿಗೆ. ಆಂಧ್ರದ ಒಂಗೋಲ್ ದನ ಬ್ರೆಜಿಲ್‌ಗೆ ಹೋಗಿ ‘ನೆಲೋರ್’ ಎಂಬ ಹೆಸರಿನಲ್ಲಿ ಅಲ್ಲಿನ ಮುಖ್ಯ ತಳಿಯಾಯಿತು. ಅಮೆರಿಕದ ‘ಬ್ರಾಹ್ಮನ್’ ತಳಿ ರೂಪುಗೊಂಡಿದ್ದು ಭಾರತದಿಂದ ಹೋದ ಗಿರ್, ಕಾಂಕ್ರೇಜ್, ಒಂಗೋಲ್ ದನಗಳ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆ ದನಗಳಿಂದ. ಆಸ್ಟ್ರೇಲಿಯಾದವರು 1950ರ ದಶಕದಲ್ಲಿ ಸಾಹಿವಾಲ್ ಮತ್ತು ಕೆಂಪು ಸಿಂಧಿ ದನಗಳನ್ನು ಪಾಕಿಸ್ತಾನದಿಂದ ತರಿಸಿ, ಜರ್ಸಿ ಜೊತೆ ಸೇರಿಸಿ, ಉಣ್ಣಿ ತಡೆಯುವ ಹಾಲಿನ ತಳಿಯೊಂದನ್ನು ಬೆಳೆಸಿದರು.

ನಮ್ಮ ಕರಾವಳಿ ಮತ್ತು ಘಟ್ಟದ ಮಲೆನಾಡು ಗಿಡ್ಡ ಇದೇ ಬಳಗದ್ದು. ಮೈ ಚಿಕ್ಕದು, ಕೂದಲು ಚಿಕ್ಕದು, ಬೆಟ್ಟ ಹತ್ತಿ ಮೇಯುವ ಜಾತಿ. ಅದಕ್ಕೂ ಉಣ್ಣಿ ಹತ್ತುತ್ತದೆ. ಕಿವಿಯ ಒಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಬಾಲದ ಬುಡದಲ್ಲಿ, ಕೆಚ್ಚಲಿನ ಹಿಂದೆ ನೋಡಿದರೆ ಕಾಣುತ್ತದೆ. ಒಂದೇ ತಳಿಯೊಳಗೂ ದನದಿಂದ ದನಕ್ಕೆ ವ್ಯತ್ಯಾಸವಿದೆ. ಹಿಂಡಿನ ಕೆಲವೇ ದನಗಳು ಬಹುಪಾಲು ಉಣ್ಣಿಗಳನ್ನು ಹೊತ್ತಿರುತ್ತವೆ. ಈ ಗುಣ ತಕ್ಕಮಟ್ಟಿಗೆ ತಾಯಿ-ತಂದೆಯಿಂದ ಕರುವಿಗೆ ಬರುತ್ತದೆ.

“ಹಾಗೇ ಬಿಡಿ, ಇಮ್ಯುನಿಟಿ ಬರುತ್ತದೆ” ಎಂಬ ಮಾತು ಯಾಕೆ ಅಪಾಯ?

ಕಚ್ಚಿಸಿಕೊಂಡೇ ಕಲಿಯುವುದು ನಿಜವಾದರೆ ಹಾಗೇ ಬಿಟ್ಟರೆ ತಪ್ಪೇನು? ನಾಲ್ಕು ಕಾರಣಗಳಿವೆ.

ಒಂದು, ಈ ಕಲಿಕೆಗೆ ವಾರಗಳು, ತಿಂಗಳುಗಳು ಬೇಕು. ಅಷ್ಟರಲ್ಲಿ ಕರುವಾಗಲಿ, ಹೊಸದಾಗಿ ತಂದ ಮಿಶ್ರತಳಿ ಹಸುವಾಗಲಿ ರಕ್ತ ಕಳೆದುಕೊಂಡು ಸೊರಗಬಹುದು.

ಎರಡು, ಉಣ್ಣಿಯ ಮೇಲಿನ ಪ್ರತಿರೋಧ ಬೇರೆ, ಉಣ್ಣಿ ತರುವ ರೋಗದ ಮೇಲಿನ ಪ್ರತಿರೋಧ ಬೇರೆ. ಥೈಲೇರಿಯಾಸಿಸ್ ತರುವ ಪರೋಪಜೀವಿ ದನದ ರಕ್ತಕ್ಕೆ ಸೇರಲು ಸೋಂಕು ಹೊತ್ತ ಒಂದೇ ಒಂದು ಉಣ್ಣಿ ಸಾಕು. ಮಿಶ್ರತಳಿ ಹಸುಗಳಿಗೆ ಇದು ಬಲವಾಗಿ ಬಡಿಯುತ್ತದೆ. ಜೋರು ಜ್ವರ, ಭುಜದ ಮುಂದಿನ ಗಂಟು ಊದುವುದು, ಕಣ್ಣಿನ ಒಳಪದರ ಬಿಳಿಚುವುದು, ಹಾಲು ಒಮ್ಮೆಲೇ ಇಳಿಯುವುದು ಇದರ ಗುರುತು. ಬೆಬಿಸಿಯೋಸಿಸ್ ಆದರೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಎರಡಕ್ಕೂ ಔಷಧವಿದೆ, ಆದರೆ ಬೇಗ ಕೊಟ್ಟರೆ ಮಾತ್ರ. “ಇಮ್ಯುನಿಟಿ ಬರಲಿ” ಎಂದು ಕಾಯುವ ಎರಡು ದಿನ ಹಸುವಿನ ಜೀವಕ್ಕೇ ಎರವಾಗಬಹುದು.

ಮೂರು, ಒಮ್ಮೆ ಬಂದ ಪ್ರತಿರೋಧ ಸದಾ ಒಂದೇ ಸಮ ಇರುವುದಿಲ್ಲ. ಕರು ಹಾಕಿ ಹಾಲು ಕೊಡುವಾಗ, ಮೇವು ಕಡಿಮೆಯಾದಾಗ, ಬೇರೆ ಕಾಯಿಲೆ ಬಂದಾಗ, ದೂರದಿಂದ ಸಾಗಿಸಿದಾಗ ಅದು ಇಳಿಯುತ್ತದೆ. ಕಳೆದ ವರ್ಷ ಉಣ್ಣಿ ನಿಲ್ಲದ ಹಸುವಿನ ಮೇಲೆ ಈ ವರ್ಷ ರಾಶಿ ಉಣ್ಣಿ ಕಾಣುವುದು ಇದೇ ಕಾರಣಕ್ಕೆ ಇರಬಹುದು.

ನಾಲ್ಕು, ಹೆಚ್ಚು ಪ್ರತಿಕಾಯ ಎಂದರೆ ಹೆಚ್ಚು ರಕ್ಷಣೆ ಎಂದಲ್ಲ. ಎಂಜಲಿನ ವಿರುದ್ಧದ ಪ್ರತಿಕಾಯಗಳು ಕೆಲವು ಸಲ ಉಣ್ಣಿ ಜಾಸ್ತಿ ಇರುವ ದನಗಳಲ್ಲೇ ಹೆಚ್ಚು ಕಂಡಿವೆ. ಅವಕ್ಕೆ ಕಚ್ಚಿದ್ದೇ ಹೆಚ್ಚು! ಯಾವ ಕಣ, ಎಷ್ಟು ಬೇಗ, ಎಲ್ಲಿಗೆ ಬರುತ್ತದೆ ಎಂಬುದು ಮುಖ್ಯ. ಕಚ್ಚಿಸಿಕೊಂಡಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿಯೇ ತಪ್ಪುತ್ತದೆ.

ಹಾಗೆಂದು ಒಂದೇ ಒಂದು ಉಣ್ಣಿಯೂ ಇರಬಾರದು ಎಂದು ವಾರಕ್ಕೊಮ್ಮೆ ಔಷಧ ಹೊಡೆಯುವುದೂ ಸರಿಯಲ್ಲ. ಉಣ್ಣಿ ಇರುವ ಊರಿನಲ್ಲಿ ಎಳೆಯದರಲ್ಲೇ ಅಲ್ಪಸ್ವಲ್ಪ ಬೆಬಿಸಿಯಾ ಸೋಂಕು ತಾಗಿದ ಕರುಗಳು ಹೆಚ್ಚಾಗಿ ಅದನ್ನು ತಾಳಿಕೊಂಡು, ಮುಂದೆ ರಕ್ಷಣೆ ಪಡೆಯುತ್ತವೆ. ಉಣ್ಣಿಯನ್ನೇ ಕಾಣದೆ ಬೆಳೆದ ದನಕ್ಕೆ ದೊಡ್ಡದಾದ ಮೇಲೆ ಸೋಂಕು ತಗುಲಿದರೆ ಅದು ಜೋರಾಗಿ ಬರುತ್ತದೆ. ಗುರಿ ಇರಬೇಕಾದದ್ದು ಉಣ್ಣಿಯನ್ನು ಹತೋಟಿಯಲ್ಲಿಡುವುದು.

ಕಷಾಯ ಕುಡಿಸಿದರೆ ಈ ಶಕ್ತಿ ಬರುತ್ತದೆಯೇ?

ಇಲ್ಲ. ದನದ ಮೈ ಕಲಿಯುವುದು ಉಣ್ಣಿಯ ಎಂಜಲಿನ ಗುರುತನ್ನು. ಆ ಗುರುತು ಅರಿಶಿನದಲ್ಲಾಗಲಿ, ಬೆಲ್ಲದಲ್ಲಾಗಲಿ, ಬೆಳ್ಳುಳ್ಳಿಯಲ್ಲಾಗಲಿ ಇಲ್ಲ. ಕಾಣದ ಶತ್ರುವಿನ ಮುಖ ನೆನಪಿಡಲು ಆಗುವುದಿಲ್ಲ.

ಬೇವಿನ ಸಾರಕ್ಕೆ ಉಣ್ಣಿಯನ್ನು ಸ್ವಲ್ಪಮಟ್ಟಿಗೆ ದೂರವಿಡುವ, ಕೊಲ್ಲುವ ಗುಣ ಪರೀಕ್ಷೆಗಳಲ್ಲಿ ಕಂಡಿದೆ. ಅದು ಮೈಮೇಲೆ ಹಚ್ಚಿದಾಗಿನ ಮಾತು, ಹಚ್ಚಿದಷ್ಟು ದಿನದ ಮಾತು. ಸೀಮೆಎಣ್ಣೆ ಹಚ್ಚುವುದು, ಬೆಳೆಗೆ ಹೊಡೆಯುವ ಕೀಟನಾಶಕ ಸುರಿಯುವುದು ಮಾತ್ರ ಬೇಡವೇ ಬೇಡ. ಚರ್ಮ ಸುಡುತ್ತದೆ. ಮೊದಲೇ ಹೇಳಿದಂತೆ ದನ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ.

ಒಳ್ಳೆಯ ಮೇವು, ಖನಿಜ ಮಿಶ್ರಣ, ಜಂತುಹುಳುವಿನ ಔಷಧ ಇವು ಕಲಿತ ಪ್ರತಿರೋಧ ಕುಗ್ಗದಂತೆ ಕಾಪಾಡಲು ನೆರವಾಗುತ್ತವೆ. “ಇಮ್ಯುನಿಟಿ ಬೂಸ್ಟರ್” ಎಂಬ ಮಾತಿಗೆ ಇಲ್ಲಿ ಏನಾದರೂ ಅರ್ಥವಿದ್ದರೆ ಅದು ಇಷ್ಟೇ.

‘ರೆಸಿಸ್ಟೆನ್ಸ್’ ಯಾರಿಗೆ, ದನಕ್ಕೋ ಉಣ್ಣಿಗೋ?

ಫಾರ್ವರ್ಡ್‌ಗಳಲ್ಲಿ ದೊಡ್ಡ ಗೊಂದಲ ಈ ಒಂದು ಪದದಿಂದ ಹುಟ್ಟುತ್ತದೆ. ದನಕ್ಕೆ ಉಣ್ಣಿಯ ವಿರುದ್ಧ ಬರುವ ರೆಸಿಸ್ಟೆನ್ಸ್ ನಮಗೆ ಒಳ್ಳೆಯದು. ಉಣ್ಣಿಗೆ ಔಷಧದ ವಿರುದ್ಧ ಬರುವ ರೆಸಿಸ್ಟೆನ್ಸ್ ನಮಗೆ ಕೆಟ್ಟದ್ದು.

ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ನಂಥ ಔಷಧಗಳಿಗೆ ಜಗ್ಗದ ಉಣ್ಣಿಗಳು ಭಾರತದ ಹಲವು ರಾಜ್ಯಗಳಲ್ಲಿ ಪತ್ತೆಯಾಗಿವೆ. ಹೇಳಿದ್ದಕ್ಕಿಂತ ನೀರು ಜಾಸ್ತಿ ಬೆರೆಸುವುದು, ಬೆನ್ನಿಗೆ ಮಾತ್ರ ಹೊಡೆದು ಹೊಟ್ಟೆಯ ಕೆಳಗೆ ಬಿಡುವುದು, ವರ್ಷಗಟ್ಟಲೆ ಒಂದೇ ಔಷಧ ಬಳಸುವುದು ಇದಕ್ಕೆ ದಾರಿ. ಬಲಹೀನ ಉಣ್ಣಿಗಳು ಸಾಯುತ್ತವೆ, ತಡೆದುಕೊಂಡವು ಸಂತಾನ ಬೆಳೆಸುತ್ತವೆ. ಔಷಧಕ್ಕೆ ಬಗ್ಗದ ಉಣ್ಣಿಯೂ ದನದ ಚರ್ಮದ ನೆನಪಿಗೆ ಬಗ್ಗಲೇಬೇಕಾಗುತ್ತದೆ. ಹಾಗಾಗಿ ದನದ ಸ್ವಂತ ಪ್ರತಿರೋಧದ ಬೆಲೆ ಈಗ ಇನ್ನೂ ಹೆಚ್ಚಿದೆ.

ಉಣ್ಣಿಗೇ ಲಸಿಕೆ ಇಲ್ಲವೇ?

ಇದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಉಣ್ಣಿಯ ಕರುಳಿನಲ್ಲಿರುವ ಬಿಎಂ86 ಎಂಬ ಪ್ರೋಟೀನ್ ಗುರುತಿಸಿದರು. ಅದನ್ನು ದನಕ್ಕೆ ಚುಚ್ಚಿದರೆ ರಕ್ತದಲ್ಲಿ ಪ್ರತಿಕಾಯ ಬೆಳೆಯುತ್ತದೆ. ಆ ರಕ್ತ ಕುಡಿದ ಉಣ್ಣಿಯ ಕರುಳೇ ಹಾಳಾಗುತ್ತದೆ, ಅದು ಇಡುವ ಮೊಟ್ಟೆ ಕಡಿಮೆಯಾಗುತ್ತದೆ. 1990ರ ದಶಕದಲ್ಲಿ ಇದನ್ನು ಆಧರಿಸಿದ ಲಸಿಕೆಗಳು ಆಸ್ಟ್ರೇಲಿಯಾ ಮತ್ತು ಕ್ಯೂಬಾದಲ್ಲಿ ಬಳಕೆಗೆ ಬಂದವು. ಇದು ಉಣ್ಣಿ ಕಚ್ಚುವುದನ್ನು ತಡೆಯುವುದಿಲ್ಲ, ಮುಂದಿನ ಪೀಳಿಗೆಯನ್ನು ಇಳಿಸುತ್ತದೆ. ಮತ್ತೆ ಮತ್ತೆ ಹಾಕಿಸಬೇಕು, ಪರಿಣಾಮ ಎಲ್ಲ ಕಡೆ ಒಂದೇ ಸಮ ಇಲ್ಲ. ನಮ್ಮ ಪಶು ಆಸ್ಪತ್ರೆಗಳಲ್ಲಿ ಮಾಮೂಲಾಗಿ ಹಾಕುವ ಲಸಿಕೆಗಳಲ್ಲಿ ಇದು ಇಲ್ಲ. ಭಾರತದಲ್ಲಿ ಸಿಗುವ ‘ರಕ್ಷಾವ್ಯಾಕ್-ಟಿ’ ಥೈಲೇರಿಯಾಸಿಸ್ ರೋಗದ ವಿರುದ್ಧದ್ದು, ಉಣ್ಣಿಯ ವಿರುದ್ಧದ್ದಲ್ಲ.

ಮಂಗನ ಕಾಯಿಲೆಗೂ ಇದಕ್ಕೂ ನಂಟಿದೆಯೇ?

ಉತ್ತರ ಕನ್ನಡದಲ್ಲಿ ಉಣ್ಣಿ ಎಂದ ಕೂಡಲೇ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ನಮ್ಮ ಜಿಲ್ಲೆಗೂ ಬಂದಿದೆ, 2015ರಿಂದ ಪಕ್ಕದ ಗೋವಾದಲ್ಲೂ ಕಾಣಿಸಿಕೊಂಡಿದೆ. ಇದನ್ನು ಮುಖ್ಯವಾಗಿ ಹರಡುವುದು ‘ಹೀಮಾಫೈಸಾಲಿಸ್ ಸ್ಪಿನಿಜೆರಾ’ ಎಂಬ ಕಾಡಿನ ಉಣ್ಣಿ.

ದನಕ್ಕೆ ಈ ಕಾಯಿಲೆ ಬರುವುದಿಲ್ಲ, ದನದ ಹಾಲಿನಿಂದಲೂ ಹರಡಿದ್ದು ಕಂಡಿಲ್ಲ. ಆದರೆ ಈ ಉಣ್ಣಿ ಬೆಳೆದ ಹಂತದಲ್ಲಿ ರಕ್ತ ಹೀರುವುದು ದನದಂಥ ದೊಡ್ಡ ಪ್ರಾಣಿಗಳ ಮೇಲೆ. ಅಂದರೆ ಕಾಡಿಗೆ ಮೇಯಲು ಹೋಗುವ ದನ ಉಣ್ಣಿಯ ಸಂಖ್ಯೆ ಬೆಳೆಯಲು ಜಾಗ ಕೊಡುತ್ತದೆ. ಹಾಗಂತ “ನಮ್ಮ ದನಕ್ಕೆ ಉಣ್ಣಿ ನಿಲ್ಲುವುದಿಲ್ಲ, ನಮಗೆ ಮಂಗನ ಕಾಯಿಲೆ ಬರುವುದಿಲ್ಲ” ಎಂದುಕೊಳ್ಳಬೇಡಿ. ಮನುಷ್ಯರಿಗೆ ಹೆಚ್ಚಾಗಿ ಕಾಯಿಲೆ ತಾಗಿಸುವುದು ಎಳೆಯ ಹಂತದ ಉಣ್ಣಿ. ಅದು ಬೆಳೆಯುವುದು ಕಾಡಿನ ಇಲಿ, ಹಕ್ಕಿ, ಮಂಗಗಳ ಮೇಲೆ. ಡಿಸೆಂಬರ್‌ನಿಂದ ಮೇವರೆಗೆ ಸೊಪ್ಪು, ದರಗು ತರಲು ಕಾಡಿಗೆ ಹೋಗುವವರು ಮೈ ಮುಚ್ಚುವ ಬಟ್ಟೆ ತೊಡಬೇಕು, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೊಟ್ಟಿಗೆಯಲ್ಲಿ ನೀವು ಮಾಡಬಹುದಾದದ್ದು

• ವಾರಕ್ಕೊಮ್ಮೆ ಕಿವಿ, ಗಂಗೆದೊಗಲು, ಕೆಚ್ಚಲು, ಬಾಲದ ಬುಡ ಮುಟ್ಟಿ ನೋಡಿ. ಯಾವ ದನಕ್ಕೆ ಸದಾ ಉಣ್ಣಿ ಹೆಚ್ಚು ಎಂದು ಗುರುತಿಟ್ಟುಕೊಳ್ಳಿ. ಔಷಧ ಮೊದಲು ಬೇಕಾದದ್ದು ಅದಕ್ಕೆ.

• ಉಣ್ಣಿ ಕಡಿಮೆ ನಿಲ್ಲುವ ಹಸುವಿನ ಕರುವನ್ನು ಸಾಧ್ಯವಾದರೆ ಉಳಿಸಿಕೊಳ್ಳಿ. ತಳಿ ಆಯ್ಕೆ ಮಾಡುವಾಗ ಹಾಲಿನ ಲೀಟರ್ ಒಂದನ್ನೇ ನೋಡಬೇಡಿ.

• ಊದಿದ ಉಣ್ಣಿಯನ್ನು ಬರಿಗೈಯಲ್ಲಿ ಹಿಸುಕಬೇಡಿ, ನೆಲಕ್ಕೆ ಎಸೆಯಬೇಡಿ. ಚಿಮಟದಲ್ಲಿ ಅಥವಾ ಗ್ಲೌಸ್ ಹಾಕಿಕೊಂಡು ತೆಗೆದು, ಸೋಪಿನ ನೀರಿಗೆ ಅಥವಾ ಸೀಮೆಎಣ್ಣೆ ಇರುವ ಡಬ್ಬಿಗೆ ಹಾಕಿ.

• ಉಣ್ಣಿ ಮೊಟ್ಟೆ ಇಡುವುದು ದನದ ಮೈಮೇಲಲ್ಲ, ಗೋಡೆಯ ಬಿರುಕು, ನೆಲದ ಸಂದು, ಹಳೆಯ ಹುಲ್ಲಿನಡಿ. ಕೊಟ್ಟಿಗೆ ಸ್ವಚ್ಛ ಮಾಡದೆ ದನಕ್ಕೆ ಮಾತ್ರ ಔಷಧ ಹೊಡೆದರೆ ಮತ್ತೆ ಹತ್ತುತ್ತದೆ.

• ಔಷಧ ಯಾವುದು, ಎಷ್ಟು ಎಂದು ಪಶುವೈದ್ಯರನ್ನು ಕೇಳಿ. ಇಂಜೆಕ್ಷನ್ ಕೊಡಿಸಿದರೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನೂ ಕೇಳಿ.

• ಜ್ವರ, ಊದಿದ ಗಂಟು, ಕಾಫಿ ಬಣ್ಣದ ಮೂತ್ರ ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ. ಪಶು ಸಂಚಾರಿ ಚಿಕಿತ್ಸೆಗೆ ಕರೆ ಮಾಡಬೇಕಾದ ಸಂಖ್ಯೆ 1962.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ನಾಟಿ ದನಕ್ಕೂ ಉಣ್ಣಿ ಹತ್ತುತ್ತದೆ, ಆದರೆ ಕಡಿಮೆ ನಿಲ್ಲುತ್ತದೆ. ಈ ಶಕ್ತಿ ತಳಿಯಿಂದ ಬರುತ್ತದೆ, ಉಣ್ಣಿಯ ಎಂಜಲಿನ ಪರಿಚಯದಿಂದ ಬಲಿಯುತ್ತದೆ, ಮೇವು ಕೆಟ್ಟರೆ ಕುಗ್ಗುತ್ತದೆ. ಕಷಾಯದಿಂದ ಬರುವುದಿಲ್ಲ. ಉಣ್ಣಿಜ್ವರಕ್ಕೆ ಇದು ಔಷಧವಲ್ಲ. ಜ್ವರ ಬಂದ ಹಸುವಿಗೆ ಬೇಕಾದದ್ದು ಡಾಕ್ಟರ್.